ಹೊಳೆಯಲ್ಲಿ ಬಿದ್ದ ಬಂಗಾರ ಹುಡುಕಲು ಯಾವ ಮೆಟಲ್ ಡಿಟೆಕ್ಟರ್ ತಗೋಬೇಕು?

ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದ ದಂಡೆಯ ಮೇಲೆ ಹುಣ್ಣಿಮೆ ದಿನ ಸ್ವಲ್ಪ ಹೊತ್ತು ನಿಂತು ನೋಡಿ. ಯಾರಾದರೂ ಒಬ್ಬರು ನೀರಿನಲ್ಲಿ ಬಗ್ಗಿ ಕೈಯಾಡಿಸುತ್ತಾ ಏನೋ ಹುಡುಕುತ್ತಿರುತ್ತಾರೆ. ತಣ್ಣೀರಿಗೆ ಬೆರಳು ಸ್ವಲ್ಪ ಸೊರಗುತ್ತದೆ. ಅದರ ಮೇಲೆ ಸೋಪು, ಎಣ್ಣೆ. ಮೂರು ಮುಳುಗು ಹಾಕಿ ಏಳುವಷ್ಟರಲ್ಲಿ ಉಂಗುರ ಜಾರಿರುತ್ತದೆ. ತಿಂಥಣಿಯ ಕೃಷ್ಣೆಯಲ್ಲೂ ಇದೇ, ಬೀದರಿನ ಝರಣಿ ನರಸಿಂಹನ ಗುಹೆಯ ನೀರಿನಲ್ಲೂ ಇದೇ. ಆಮೇಲೆ ಮನೆಗೆ ಬಂದು ಮೊಬೈಲಿನಲ್ಲಿ 'ಅಂಡರ್‌ವಾಟರ್ ಮೆಟಲ್ ಡಿಟೆಕ್ಟರ್' ಅಂತ ಹುಡುಕಿದರೆ ಬರುವುದೆಲ್ಲ ಅಮೆರಿಕದ ಸಮುದ್ರದ ದಂಡೆಯ ವಿಡಿಯೋ. ಅಲ್ಲಿಯವರು ಹೇಳುವುದು ಸುಳ್ಳಲ್ಲ. ಆದರೆ ಅದು ಉಪ್ಪುನೀರಿನ ಮಾತು. ನಮ್ಮದು ಸಿಹಿನೀರು. ನಮ್ಮ ತಲೆನೋವು ನೀರಲ್ಲ, ನೀರಿನ ಕೆಳಗಿರುವ ಮಣ್ಣು. ಕಲಬುರಗಿ, ಬೀದರ, ಯಾದಗಿರಿಯವರು ಈ ಮಷೀನ್ ತಗೊಳ್ಳುವಾಗ ಮೊದಲು ನೋಡಬೇಕಾದದ್ದು ಈ ಮಣ್ಣನ್ನು. ಎಷ್ಟು ಮೀಟರ್ ಆಳಕ್ಕೆ ಇಳಿಯುತ್ತದೆ ಅನ್ನೋದು ಆಮೇಲಿನ ಮಾತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಳೆದಿರುವುದು ಒಂದೇ ಒಂದು ಸಣ್ಣ ಉಂಗುರ, ಮತ್ತೆಂದೂ ಹುಡುಕುವ ಕೆಲಸ ಇಲ್ಲ ಅಂದರೆ ಮಷೀನ್ ಕೊಳ್ಳಬೇಡಿ. ಒಳ್ಳೆ ಮಷೀನಿಗೆ ಆ ಉಂಗುರಕ್ಕಿಂತ ಜಾಸ್ತಿ ದುಡ್ಡು ಬೀಳಬಹುದು. ಊರಿನ ಅಂಬಿಗರನ್ನು, ಮೀನು ಹಿಡಿಯುವವರನ್ನು ಕೇಳಿ. ಯಾರ ಹತ್ತಿರವಾದರೂ ಮಷೀನ್ ಇದ್ದರೆ ಒಂದು ದಿನಕ್ಕೆ ಕರೆಸಿ. ಗೆಳೆಯರು ನಾಲ್ಕು ಜನ ಸೇರಿ ಕೊಳ್ಳುವುದು, ಊರಿನ ಯುವಕ ಸಂಘದವರು ಕೊಂಡು ಜಾತ್ರೆಗಳಲ್ಲಿ ಸೇವೆ ಮಾಡುವುದು, ಇವೆಲ್ಲ ಅರ್ಥ ಇರುವ ಖರ್ಚು.

ಹೆಜ್ಜೆ 1: ಎಲ್ಲಿ ಹುಡುಕುತ್ತೀರಿ ಅಂತ ಮೊದಲು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನೀವು ನಿಜವಾಗಿ ಇಳಿಯುವ ಜಾಗಗಳನ್ನು ಬರೆಯಿರಿ. ಪಕ್ಕದಲ್ಲಿ ನೀರು ಎಷ್ಟು ಆಳ ಅಂತ ಬರೆಯಿರಿ. ಬಹಳ ಜನರ ಪಟ್ಟಿಯಲ್ಲಿ ಮೊಣಕಾಲಿನಿಂದ ಎದೆಮಟ್ಟದವರೆಗೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಸ್ನಾನಕ್ಕೆ ಇಳಿದವರು ಒಡವೆ ಕಳೆದುಕೊಳ್ಳುವುದೇ ಅಷ್ಟು ಆಳದಲ್ಲಿ. ಹಾಗಿದ್ದಮೇಲೆ 3 ರಿಂದ 5 ಮೀಟರ್ ನೀರು ತಡೆಯುವ ಮಷೀನ್ ಧಾರಾಳ ಸಾಕು. 60 ಮೀಟರ್ ಇಳಿಯುವ ಡೈವಿಂಗ್ ಮಷೀನ್ ತಗೊಂಡು ಭೀಮೆಯ ಮೊಣಕಾಲು ನೀರಿನಲ್ಲಿ ಆಡಿಸುವುದು ಸುಮ್ನೆ ಖರ್ಚು.

ಬಾವಿಯ ಕತೆ ಬೇರೆ. ಹೊಲದ ಬಾವಿಗೆ ಬಿದ್ದ ಸರಕ್ಕೆ ಡಿಟೆಕ್ಟರ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಪಂಪಿನ ಪೈಪು, ಹಳೆ ಕಬ್ಬಿಣದ ತುಂಡು, ಗೋಡೆಯಲ್ಲಿರುವ ಸರಳು ಎಲ್ಲಾ ಕಡೆಯಿಂದ ಕೂಗುತ್ತವೆ. ಕೊಡ ಬಿದ್ದರೆ ಪಾತಾಳಗರಡಿ ಬಿಟ್ಟು ಎತ್ತುತ್ತಿದ್ದೆವು, ಬಂಗಾರದ ಸರಕ್ಕೆ ಅದೂ ಆಗುವುದಿಲ್ಲ. ಬೇಸಿಗೆಯಲ್ಲಿ ಮೋಟರ್ ಹಾಕಿ ನೀರು ಇಳಿಸಿ, ತಳದ ಹೂಳನ್ನು ಬುಟ್ಟಿಯಲ್ಲಿ ಮೇಲೆ ತಂದು, ದಂಡೆಯ ಮೇಲೆ ಹರಡಿ ಅದರ ಮೇಲೆ ಡಿಟೆಕ್ಟರ್ ಆಡಿಸುವುದೇ ಸರಿಯಾದ ದಾರಿ. ಆ ಕೆಲಸಕ್ಕೆ ನೀರು ತಡೆಯುವ ಮಷೀನೇ ಬೇಕು ಅಂತಲೂ ಇಲ್ಲ. ಹಳೆ ಬಾವಿಯೊಳಗೆ ಗಾಳಿ ಕೆಟ್ಟಿರುತ್ತದೆ, ಉಸಿರುಗಟ್ಟಿ ಜನ ಸತ್ತಿದ್ದಾರೆ. ಒಬ್ಬರೇ ಇಳಿಯಲೇಬೇಡಿ. ಇನ್ನು ಕೃಷಿ ಹೊಂಡದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅಲ್ಲಿ ಸಲಿಕೆ ಹಾಕಿದರೆ ಉಂಗುರ ಸಿಗಬಹುದು, ಹೊಂಡ ಉಳಿಯುವುದಿಲ್ಲ.

ಹೆಜ್ಜೆ 2: 'ವಾಟರ್‌ಪ್ರೂಫ್' ಅಂದರೆ ಯಾವುದು ಅಂತ ಕೇಳಿ

ಜಾಹೀರಾತಿನಲ್ಲಿ ಬಹಳ ಜನ ಮೋಸಹೋಗುವುದು ಇಲ್ಲಿ. ಡಿಟೆಕ್ಟರಿನ ಕೆಳಗಿರುವ ದುಂಡನೆ ತಟ್ಟೆಗೆ ಕಾಯಿಲ್ ಅಂತಾರೆ. ಮೇಲೆ ಪರದೆ, ಬಟನ್ ಇರುವುದು ಕಂಟ್ರೋಲ್ ಬಾಕ್ಸ್. ಹೆಚ್ಚುಕಮ್ಮಿ ಎಲ್ಲಾ ಕಂಪನಿಯ ಕಾಯಿಲ್ ನೀರು ತಡೆಯುತ್ತದೆ. ಬಹಳ ಮಷೀನುಗಳಲ್ಲಿ ಬಾಕ್ಸ್ ತಡೆಯುವುದಿಲ್ಲ. ಗ್ಯಾರೆಟ್ ಏಸ್ ಸರಣಿ, ಮೈನ್‌ಲ್ಯಾಬ್ ವ್ಯಾನ್‌ಕ್ವಿಶ್ ಸರಣಿ ಇದಕ್ಕೆ ಉದಾಹರಣೆ. ಮಷೀನ್ ಒಳ್ಳೆಯದೇ, ಆದರೆ ಕಾಯಿಲ್ ಮಾತ್ರ ನೀರಿಗಿಳಿಯಬೇಕು, ಬಾಕ್ಸ್ ಒಣಗಿರಬೇಕು. ಹೊಳೆಯಲ್ಲಿ ಕಲ್ಲು ಜಾರಿ ಒಮ್ಮೆ ಬಿದ್ದರೆ ಮುಗೀತು ಅಲ್ವಾ?

ಅದಕ್ಕೇ ಅಂಗಡಿಯವರನ್ನು ನೇರವಾಗಿ ಕೇಳಿ: "ಇಡೀ ಮಷೀನ್ ಮುಳುಗಿಸಬಹುದಾ? ಎಷ್ಟು ಮೀಟರ್?" ಡಬ್ಬಿಯ ಮೇಲೆ ಐಪಿ ನಂಬರ್ ನೋಡಿ. ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಐಪಿ68 ಅಂದರೆ ಅದಕ್ಕಿಂತ ಮೇಲೆ, ಎಷ್ಟು ಅನ್ನೋದನ್ನು ಕಂಪನಿಯೇ ಬರೆದಿರಬೇಕು. ಬರೆಯದೆ ಬರೀ 'ಐಪಿ68' ಅಂತ ಹಾಕಿದ್ದರೆ ಮುಂದಿನ ಮಷೀನ್ ನೋಡಿ.

ಹೆಜ್ಜೆ 3: ನಿಮ್ಮ ಹೊಳೆಯ ಮಣ್ಣು ಪರೀಕ್ಷೆ ಮಾಡಿ

ಇದನ್ನು ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಿಟೆಕ್ಟರ್ ಕಾಯಿಲಿನಿಂದ ಕಾಂತಕ್ಷೇತ್ರ ಬಿಡುತ್ತದೆ. ಅದು ಕೆಳಗಿರುವ ಲೋಹಕ್ಕೆ ತಾಗಿದಾಗ ಲೋಹದೊಳಗೆ ಸಣ್ಣ ಕರೆಂಟು ಸುತ್ತಲು ಶುರುವಾಗುತ್ತದೆ. ಆ ಕರೆಂಟಿನಿಂದ ಇನ್ನೊಂದು ಕಾಂತಕ್ಷೇತ್ರ ಹುಟ್ಟಿ ಕಾಯಿಲಿಗೆ ವಾಪಸ್ ಬರುತ್ತದೆ. ಮಷೀನ್ ಕೂಗುತ್ತದೆ. ಸಿಹಿನೀರು ಇದಕ್ಕೆ ಹೆಚ್ಚೇನೂ ಅಡ್ಡಿ ಮಾಡುವುದಿಲ್ಲ. ಸಮುದ್ರದ ನೀರಿನಲ್ಲಿ ಉಪ್ಪು ಇರುವುದರಿಂದ ನೀರೇ ಕರೆಂಟು ಹರಿಸುತ್ತದೆ, ಮಷೀನಿಗೆ ಗಲಿಬಿಲಿ ಆಗುತ್ತದೆ. ಅದಕ್ಕೇ ಸಮುದ್ರದವರು ಪಲ್ಸ್ ಇಂಡಕ್ಷನ್ (ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿಸುವ ಮಷೀನ್) ಅಥವಾ ಮಲ್ಟಿ ಫ್ರೀಕ್ವೆನ್ಸಿ (ಒಂದಕ್ಕಿಂತ ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ನಡೆಯುವ ಮಷೀನ್; ಫ್ರೀಕ್ವೆನ್ಸಿ ಅಂದರೆ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಹೊರಳುತ್ತದೆ ಅನ್ನೋದು) ಬೇಕೇ ಬೇಕು ಅನ್ನುತ್ತಾರೆ. ಭೀಮೆಗೆ, ಬೀದರಿನ ಮಾಂಜ್ರಾ ಹೊಳೆಗೆ ಆ ಕಾರಣ ಇಲ್ಲ.

ಆದರೆ ಆಳಂದ, ಅಫಜಲಪುರ ಕಡೆ ಕಾಲಿಟ್ಟಲ್ಲೆಲ್ಲ ಕರಿಕಲ್ಲು, ಎರೆಮಣ್ಣು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದ ಆದ ಕಲ್ಲು ಅದು. ಅದರೊಳಗೆ ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಕರಿ ಕಾಳು ಇರುತ್ತದೆ. ಕಲ್ಲು ಸವೆದು ಮರಳಾದಾಗ ಆ ಕಾಳು ಹೊಳೆಗೆ ಬರುತ್ತದೆ. ಬೀದರಿನಲ್ಲಿ ಮೇಲ್ಗಡೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದಂತೂ ಕಬ್ಬಿಣದಿಂದಲೇ ಕೆಂಪಾದದ್ದು. ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲು, ಅಂದರೆ ನಮ್ಮ ಶಹಾಬಾದ್ ಪರಸಿಯ ಕಲ್ಲು. ಅದರ ಮೇಲೆ ಮಷೀನ್ ಆರಾಮಾಗಿರುತ್ತದೆ. ಯಾದಗಿರಿ, ಸುರಪುರದ ಬೆಟ್ಟಗಳು ಗ್ರಾನೈಟು. ಅದೂ ಕರಿಕಲ್ಲಿನಷ್ಟು ಕಾಡುವುದಿಲ್ಲ. ಆದರೆ ಕೃಷ್ಣೆ, ಭೀಮೆ ಎರಡೂ ಮೇಲಿನಿಂದ ಕರಿಕಲ್ಲಿನ ಸೀಮೆ ದಾಟಿಕೊಂಡೇ ಬರುತ್ತವೆ. ಆದ್ದರಿಂದ ಊರಿನ ಕಲ್ಲು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಹೊಳೆಯ ಮರಳನ್ನೇ ನೋಡಿ.

ನೋಡುವುದು ಸುಲಭ. ಹಳೆ ಸ್ಪೀಕರಿನ ಅಯಸ್ಕಾಂತ ಒಂದು ತಗೊಳ್ಳಿ. ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ. ನೀವು ಹುಡುಕುವ ಜಾಗದ ಒಂದು ಬೊಗಸೆ ಮರಳನ್ನು ಬಿಸಿಲಲ್ಲಿ ಒಣಗಿಸಿ ಪೇಪರ್ ಮೇಲೆ ಹರಡಿ. ಅಯಸ್ಕಾಂತವನ್ನು ಅದರ ಮೇಲೆ ಆಡಿಸಿ ಎತ್ತಿ. ಕರಿ ಪುಡಿ ಗಡ್ಡದ ಹಾಗೆ ಅಂಟಿ ನಿಂತರೆ ನಿಮ್ಮದು ಕಾಡುವ ನೆಲ. ಅಲ್ಲೊಂದು ಇಲ್ಲೊಂದು ಕಾಳು ಅಂಟಿದರೆ ಚಿಂತೆ ಇಲ್ಲ. ಚೀಲದ ಒಳಗಿನಿಂದ ಅಯಸ್ಕಾಂತ ತೆಗೆದರೆ ಪುಡಿ ತಾನೇ ಉದುರುತ್ತದೆ. ಚೀಲ ಇಲ್ಲದೆ ಮಾಡಿದರೆ ಆ ಪುಡಿ ಬಿಡಿಸುತ್ತಾ ಕೂತಿರಬೇಕಾಗುತ್ತದೆ.

ಕರಿ ಪುಡಿ ಜಾಸ್ತಿ ಇದ್ದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಮಷೀನ್ ಮುಟ್ಟಲೇಬೇಡಿ. ಗ್ರೌಂಡ್ ಬ್ಯಾಲೆನ್ಸ್ ಅಂದರೆ 'ಈ ಮಣ್ಣಿನ ಸದ್ದು ಇಷ್ಟು, ಇದನ್ನು ಬಿಟ್ಟುಬಿಡು' ಅಂತ ಮಷೀನಿಗೆ ಹೇಳಿಕೊಡುವುದು. ಬಟನ್ ಒತ್ತಿ ಹಿಡಿದು, ಲೋಹ ಇಲ್ಲದ ಜಾಗದ ಮೇಲೆ ಕಾಯಿಲನ್ನು ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿದರೆ ಅದೇ ಹೊಂದಿಸಿಕೊಳ್ಳುತ್ತದೆ. ಕಮ್ಮಿ ರೇಟಿನ ಮಷೀನುಗಳಲ್ಲಿ ಇದನ್ನು ಕಂಪನಿಯಲ್ಲೇ ಒಂದು ಕಡೆ ನಿಲ್ಲಿಸಿಬಿಟ್ಟಿರುತ್ತಾರೆ, ಬದಲಿಸಲು ಆಗುವುದಿಲ್ಲ. ಅಂಥವು ಯಾವುದೋ ದೇಶದ ಹುಲ್ಲುಗಾವಲಿನಲ್ಲಿ ಚೆನ್ನಾಗಿ ನಡೆಯುತ್ತವೆ, ನಮ್ಮ ಕರಿಮರಳಿನ ಮೇಲೆ ಹೆಜ್ಜೆಗೊಮ್ಮೆ ಕೂಗುತ್ತವೆ.

ಹಾಗಾದರೆ ಮಣ್ಣಿನ ಗೊಡವೆಯೇ ಕಮ್ಮಿ ಇರುವ ಪಲ್ಸ್ ಇಂಡಕ್ಷನ್ ಮಷೀನ್ ತಗೊಂಡರಾಯ್ತಲ್ಲ ಅನ್ನಬಹುದು. ಆಳಕ್ಕೂ ಹೋಗುತ್ತದೆ, ನಿಜ. ಆದರೆ ಅದು ಕಬ್ಬಿಣ ಯಾವುದು ಬಂಗಾರ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. ಸ್ನಾನಘಟ್ಟದಲ್ಲಿ ಮೊಳೆ, ಬ್ಲೇಡು, ಸೇಫ್ಟಿ ಪಿನ್ನು, ತಂತಿ, ಬಾಟಲಿ ಮುಚ್ಚಳ ಎಷ್ಟಿರುತ್ತವೆ ಅಂತ ನಿಮಗೇ ಗೊತ್ತು. ಎಲ್ಲವನ್ನೂ ಅಗೆಯುತ್ತಾ ಹೋದರೆ ಸಂಜೆಯಾಗುತ್ತದೆ. ಕಸ ಇಲ್ಲದ, ಜನ ಕಮ್ಮಿ ಇಳಿಯುವ ಜಾಗಕ್ಕೆ ಅದು ಸರಿ. ಘಟ್ಟಕ್ಕೆ ನಾನಂತೂ ಬೇಡ ಅನ್ನುತ್ತೇನೆ.

ಹೆಜ್ಜೆ 4: ಯಾವ ಒಡವೆ ಅನ್ನುವುದರ ಮೇಲೆ ಫ್ರೀಕ್ವೆನ್ಸಿ

ಒಡವೆ ಯಾವ ಆಕಾರದ್ದು ಅನ್ನುವುದು ಎಷ್ಟು ತೂಕ ಅನ್ನುವುದಕ್ಕಿಂತ ಮುಖ್ಯ. ಮುಚ್ಚಿದ ಬಳೆ, ಮುಚ್ಚಿದ ಉಂಗುರದೊಳಗೆ ಕರೆಂಟು ಒಂದು ಸುತ್ತು ಪೂರ್ತಿ ಹರಿಯುತ್ತದೆ, ಸದ್ದು ಗಟ್ಟಿಯಾಗಿ ಬರುತ್ತದೆ. ಅದೇ ಉಂಗುರ ಒಂದು ಕಡೆ ಒಡೆದಿದ್ದರೆ ಸದ್ದು ಇಳಿದುಹೋಗುತ್ತದೆ. ಸರದ ಪಾಡು ಇನ್ನೂ ಕಷ್ಟ. ಎರಡು ತೊಲದ ಸರ ಅಂತ ನಾವು ಅಂದುಕೊಳ್ಳುತ್ತೇವೆ. ಮಷೀನಿಗೆ ಅದು ಒಂದೊಂದು ಕೊಂಡಿಯೂ ಬೇರೆ ಬೇರೆ ಸಣ್ಣ ತುಣುಕು. ಎಳೆ ಸಣ್ಣಗಿದ್ದರೆ ಎರಡು ತೊಲದ ಸರಕ್ಕಿಂತ ಅರ್ಧ ತೊಲದ ಉಂಗುರವೇ ಬೇಗ ಸಿಗುತ್ತದೆ. ಬೋರಮಾಳ ಇನ್ನೂ ಒಂದು ಕೈ ಮೇಲೆ. ತೆಳು ಬಂಗಾರದ ತಗಡಿನ ಗುಂಡು, ಒಳಗೆ ಅರಗು, ದಾರದಲ್ಲಿ ಪೋಣಿಸಿದ್ದು. ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ಮಷೀನಿನ ಲೆಕ್ಕದಲ್ಲಿ ಸಂಬಂಧವೇ ಇಲ್ಲ. ಕರಿಮಣಿ ಸರದಲ್ಲಿ ಮಣಿ ಕೂಗುವುದಿಲ್ಲ, ತಾಳಿ ಕೂಗುತ್ತದೆ. ಆದ್ದರಿಂದ ಸರ ಕಳೆದಾಗ ಕೇಳಬೇಕಾದ ಪ್ರಶ್ನೆ, "ಯಕ್ಕಾ, ಸರದಾಗ ಪದಕ ಇತ್ತೇನ್ರಿ? ತಾಳಿ ಎಷ್ಟು ದೊಡ್ಡದು?" ಹುಡುಕುವುದು ಪದಕವನ್ನು, ಸರ ಅದರ ಹಿಂದೆ ಬರುತ್ತದೆ.

ಫ್ರೀಕ್ವೆನ್ಸಿಯ ಲೆಕ್ಕ ಹೀಗೆ. 5–8 ಕಿಲೋಹರ್ಟ್ಸ್‌ನ ಕಡಿಮೆ ಫ್ರೀಕ್ವೆನ್ಸಿ ಬೆಳ್ಳಿಗೆ, ದೊಡ್ಡ ವಸ್ತುವಿಗೆ ಒಳ್ಳೆಯದು. ಕಾಲುಂಗುರ, ಗೆಜ್ಜೆ, ಬೆಳ್ಳಿ ಕಡಗ ಇದರಲ್ಲಿ ಚೆನ್ನಾಗಿ ಸಿಗುತ್ತವೆ. 18 ರಿಂದ 40ರವರೆಗಿನದು ಮೂಗುತಿ, ಕಿವಿಯೋಲೆ, ಸಣ್ಣ ಎಳೆಯ ಸರಕ್ಕೆ. ಆದರೆ ಫ್ರೀಕ್ವೆನ್ಸಿ ಏರಿದಷ್ಟೂ ಕರಿಮರಳಿನ ಕಾಟವೂ ಏರುತ್ತದೆ. ಒಂದೇ ಫ್ರೀಕ್ವೆನ್ಸಿಯ ಮಷೀನ್ ತಗೊಳ್ಳುವುದಾದರೆ 13–15ರ ಸುತ್ತಮುತ್ತ ಇರಲಿ. ದುಡ್ಡು ಇದ್ದರೆ ಮಲ್ಟಿ ಫ್ರೀಕ್ವೆನ್ಸಿ. ಸಮುದ್ರದವರಿಗೆ ಅದು ಉಪ್ಪಿಗಾಗಿ ಬೇಕು, ನಮಗೆ ಕರಿಮರಳಿಗಾಗಿ ಬೇಕು.

ಈಗ ನಂಬರಿನ ವಿಷಯ. ಮಷೀನ್ ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ, ಸಾಮಾನ್ಯವಾಗಿ 0ಯಿಂದ 99. ಕೆಳಗೆ ಕಬ್ಬಿಣ, ಮೇಲೆ ಬೆಳ್ಳಿ, ತಾಮ್ರ. ಬಂಗಾರ ನಡುವೆ ಬರುತ್ತದೆ. ಆದರೆ ಅದೇ ನಡುವೆ ಮಾತ್ರೆ ಸ್ಟ್ರಿಪ್ಪಿನ ಬೆಳ್ಳಿ ಹಾಳೆ, ಅಲ್ಯೂಮಿನಿಯಂ ಚೂರು, ಕ್ಯಾನಿನ ಕೊಂಡಿ ಕೂಡ ಬರುತ್ತವೆ. ಹಳೆಯ 5, 10, 20 ಪೈಸೆಯ ಅಲ್ಯೂಮಿನಿಯಂ ನಾಣ್ಯಗಳೂ ನಡುವೆ ತಲೆಹಾಕುತ್ತವೆ. ಜನ ಹೊಳೆಗೆ ಎಸೆದದ್ದು ಒಂದು ತಲೆಮಾರಿನದ್ದಲ್ಲವಲ್ಲ. ಈಗಿನ 1, 2 ರೂಪಾಯಿಯ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಅದಕ್ಕೇ ಘಟ್ಟದ ಹುಡುಗರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನಾಣ್ಯ ಎತ್ತುವುದು. ಡಿಟೆಕ್ಟರಿನಲ್ಲಿ ಇವುಗಳ ಸಂಖ್ಯೆ ಒಂದು ಕಡೆ ನಿಲ್ಲದೆ ಜಿಗಿಯುತ್ತದೆ.

ಇದರ ಅರ್ಥ, 'ಬಂಗಾರ ಮಾತ್ರ' ತೋರಿಸುವ ಮಷೀನ್ ಇಲ್ಲ. ಇಲ್ಲವೇ ಇಲ್ಲ. ಎರಡು ಆಂಟೆನಾ ಹಿಡಿದುಕೊಂಡು ಓಡಾಡುವ 'ಲಾಂಗ್ ರೇಂಜ್ ಗೋಲ್ಡ್ ಲೊಕೇಟರ್', ನೂರು ಮೀಟರ್ ದೂರದಿಂದ ಬಂಗಾರ ತೋರಿಸುತ್ತದೆ ಅನ್ನೋದೆಲ್ಲ ಬರೀ ಟೋಪಿ. ನಮ್ಮ ಕಡೆ ನಿಧಿಯ ಹುಚ್ಚು ಇರುವವರಿಗೆ ಇದನ್ನು ಲಕ್ಷಗಟ್ಟಲೆ ಬೆಲೆಗೆ ಮಾರುತ್ತಾರೆ. ನಿಜವಾದ ಡಿಟೆಕ್ಟರಿಗೆ ನೆಲದೊಳಗಿನ ಒಂದು ಉಂಗುರ ಸಿಗುವುದು ಒಂದು ಗೇಣಿನ ಆಳದವರೆಗೆ, ಅದೂ ನೆಲ ಒಳ್ಳೆಯದಿದ್ದರೆ. ಇದಕ್ಕಿಂತ ಬಹಳ ಜಾಸ್ತಿ ಹೇಳುವವರ ಹತ್ತಿರ ವ್ಯವಹಾರ ಬೇಡ.

ಹೆಜ್ಜೆ 5: ಕಾಯಿಲ್, ಹೆಡ್‌ಫೋನ್, ವೈಬ್ರೇಷನ್

ಕಾಯಿಲ್ 'ಡಿಡಿ' ಮಾದರಿಯದ್ದೇ (ಒಳಗೆ ಇಂಗ್ಲಿಷಿನ D ಆಕಾರದ ಎರಡು ತಂತಿ ಸುರುಳಿ ಇರುವಂಥದ್ದು) ಇರಲಿ. ಕಬ್ಬಿಣದ ಅಂಶ ಇರುವ ನೆಲದಲ್ಲಿ ಅದು ಸ್ಥಿರವಾಗಿರುತ್ತದೆ. 11 ಇಂಚಿನ ಆಸುಪಾಸಿನದು ಸಾಮಾನ್ಯವಾಗಿ ಮಷೀನಿನ ಜೊತೆಗೇ ಬರುತ್ತದೆ, ಖಾಲಿ ಜಾಗ ಬೇಗ ಮುಗಿಸಲು ಒಳ್ಳೆಯದು. ಘಟ್ಟದಲ್ಲಿ ಕಸದ ನಡುವೆ ಹುಡುಕುವಾಗ 6 ಇಂಚಿನ ಸಣ್ಣ ಕಾಯಿಲ್ ಬೇಕು. ದೊಡ್ಡ ಕಾಯಿಲಿನ ಕೆಳಗೆ ಒಂದೇ ಸಲಕ್ಕೆ ಮೊಳೆ, ಉಂಗುರ ಎರಡೂ ಬಂದುಬಿಡುತ್ತವೆ. ಹರಿಯುವ ನೀರಿನಲ್ಲಿ ಸಣ್ಣ ಕಾಯಿಲ್ ತೋಳಿಗೂ ಹಗುರ.

ಬ್ಲೂಟೂತ್ ಹೆಡ್‌ಫೋನ್ ನೀರಿನೊಳಗೆ ಕೆಲಸ ಮಾಡುವುದಿಲ್ಲ, ರೇಡಿಯೋ ಅಲೆ ನೀರಿನಲ್ಲಿ ಸತ್ತುಹೋಗುತ್ತದೆ. ಮಷೀನ್ ಪೂರ್ತಿ ಮುಳುಗುವುದಾದರೆ ನೀರು ತಡೆಯುವ ವೈರಿನ ಹೆಡ್‌ಫೋನ್ ಬೇಕು. ಅದನ್ನು ಬಹಳ ಕಂಪನಿಗಳು ಬೇರೆ ಮಾರುತ್ತವೆ, ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಮಳೆಗಾಲದ ಭೀಮೆಯಲ್ಲಿ ಒಂದು ಅಡಿ ಕೆಳಗೆ ಏನೂ ಕಾಣುವುದಿಲ್ಲ. ಪರದೆಯ ನಂಬರ್ ಓದುವುದು ಕನಸು. ಅಲ್ಲಿ ಕಿವಿಯೇ ಕಣ್ಣು. ಹಿಡಿಕೆ ನಡುಗಿ ಹೇಳುವ ವೈಬ್ರೇಷನ್ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಮಾರುಕಟ್ಟೆಯಲ್ಲಿ ಯಾವುದು?

ಬೆಲೆ ಇಲ್ಲಿ ಬರೆಯುವುದಿಲ್ಲ. ಡಾಲರು, ಆಮದು ಸುಂಕ, ಜಿಎಸ್‌ಟಿ ಸೇರಿ ಅದು ಓಡಾಡುತ್ತಲೇ ಇರುತ್ತದೆ.

ಮೊದಲ ಸಲ ತಗೊಳ್ಳುವವರಿಗೆ ಟರ್ಕಿಯ ನೋಕ್ಟಾ ಕಂಪನಿಯ ಸಿಂಪ್ಲೆಕ್ಸ್ ಅಲ್ಟ್ರಾ ಒಳ್ಳೆ ಆಯ್ಕೆ. 15 ಕಿಲೋಹರ್ಟ್ಸ್, ಇಡೀ ಮಷೀನ್ 5 ಮೀಟರ್ ನೀರು ತಡೆಯುತ್ತದೆ, ಗ್ರೌಂಡ್ ಬ್ಯಾಲೆನ್ಸ್, ವೈಬ್ರೇಷನ್ ಎರಡೂ ಇವೆ. ಅಮೆರಿಕದ ಗ್ಯಾರೆಟ್ ಎಟಿ ಪ್ರೋ ಹಳೆ ಕುದುರೆ. ಅದೂ 15 ಕಿಲೋಹರ್ಟ್ಸ್, 3 ಮೀಟರ್. ಅದರಲ್ಲಿ ನನಗೆ ಇಷ್ಟವಾದದ್ದು, ನಾಲ್ಕು ಎಎ ಸೆಲ್ ಹಾಕಿದರೆ ಸಾಕು. ಗಾಣಗಾಪುರದ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ.

ಇನ್ನೊಂದು ಮೆಟ್ಟಿಲು ಮೇಲೆ ಹೋದರೆ ಮೈನ್‌ಲ್ಯಾಬ್ ಈಕ್ವಿನಾಕ್ಸ್ 700, 900. ಎರಡೂ ಮಲ್ಟಿ ಫ್ರೀಕ್ವೆನ್ಸಿ, 5 ಮೀಟರ್. 900ರ ಜೊತೆ 6 ಇಂಚಿನ ಕಾಯಿಲೂ ಬರುತ್ತದೆ. ಬೀದರಿನ ಜಂಬಿಟ್ಟಿಗೆ, ಅಫಜಲಪುರದ ಕರಿಮರಳು ಇರುವವರು ಕೈ ಹಿಗ್ಗಿಸಿ ಇದನ್ನೇ ತಗೊಂಡರೆ ಪಶ್ಚಾತ್ತಾಪ ಇಲ್ಲ. ಫ್ರಾನ್ಸಿನ ಎಕ್ಸ್‌ಪಿ ಡಿಯುಸ್ 2, 20 ಮೀಟರಿನವರೆಗೆ ಹೋಗುತ್ತದೆ, ಒಳ್ಳೆಯದು, ತುಟ್ಟಿ. ಗ್ಯಾರೆಟ್ ಸೀ ಹಂಟರ್ ಮಾರ್ಕ್ 2 ಪಲ್ಸ್ ಇಂಡಕ್ಷನ್, 65 ಮೀಟರ್. ಅದು ಸಮುದ್ರದಲ್ಲಿ ಡೈವ್ ಮಾಡುವವರದ್ದು.

ಯಾವ ಮಷೀನ್ ತಗೊಂಡರೂ ಜೊತೆಗೆ ಒಂದು ಪಿನ್‌ಪಾಯಿಂಟರ್ ಇರಲಿ. ಕೈಯಲ್ಲಿ ಹಿಡಿಯುವ ಸಣ್ಣ ಕಡ್ಡಿಯಂಥ ಡಿಟೆಕ್ಟರ್ ಅದು. ತೋಡಿದ ಗುಂಡಿಯೊಳಗೆ ಉಂಗುರ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಅದೇ ಹೇಳುತ್ತದೆ. ಗ್ಯಾರೆಟ್ ಪ್ರೋ-ಪಾಯಿಂಟರ್ ಎಟಿ 6 ಮೀಟರ್ ನೀರಿಗೆ ತಡೆಯುತ್ತದೆ. ಝರಣಿಯಂಥ ಇಕ್ಕಟ್ಟಿನ ಗುಹೆಯಲ್ಲಿ, ಉದ್ದ ಕೋಲಿನ ಮಷೀನ್ ತಿರುಗಿಸಲೂ ಜಾಗ ಇಲ್ಲದಲ್ಲಿ, ದೇವಸ್ಥಾನದವರ ಒಪ್ಪಿಗೆ ಸಿಕ್ಕರೆ ಉಪಯೋಗಕ್ಕೆ ಬರುವುದು ಈ ಕಡ್ಡಿಯೇ.

ಹೆಜ್ಜೆ 7: ದುಡ್ಡು ಕೊಡುವ ಮುಂಚೆ

ಅಂಗಡಿಯಲ್ಲಿ ಮೇಜಿನ ಮೇಲೆ ಉಂಗುರ ಇಟ್ಟು ತೋರಿಸುತ್ತಾರೆ. ಅದು ಪರೀಕ್ಷೆಯಲ್ಲ, ಗಾಳಿಯಲ್ಲಿ ಎಲ್ಲಾ ಮಷೀನೂ ಶೂರವೇ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಿಮ್ಮ ಹೊಳೆಯ ಮರಳು ತುಂಬಿಕೊಂಡು ಹೋಗಿ. ಬಕೆಟ್ಟಿಗೆ ಕಬ್ಬಿಣದ ಹಿಡಿಕೆ ಇದ್ದರೆ ತೆಗೆದುಬಿಡಿ. ಮರಳಿನ ಮೇಲೆ ಗ್ರೌಂಡ್ ಬ್ಯಾಲೆನ್ಸ್ ಮಾಡಿಸಿ. ನಿಮ್ಮ ಉಂಗುರಕ್ಕೆ ಉದ್ದ ದಾರ ಕಟ್ಟಿ ನಾಲ್ಕು ಬೆರಳು ಆಳದಲ್ಲಿ ಹೂಳಿ ನೋಡಿ, ಆಮೇಲೆ ಒಂದು ಗೇಣು. ಪಕ್ಕದಲ್ಲಿ ಒಂದು ಮೊಳೆ ಹಾಕಿ ನೋಡಿ. ಆಮೇಲೆ ಮೂಗುತಿ, ಸಣ್ಣ ಸರ. ಯಾವುದಕ್ಕೆ ಯಾವ ನಂಬರ್, ಯಾವ ಸದ್ದು ಅಂತ ಬರೆದಿಟ್ಟುಕೊಳ್ಳಿ, ಹೊಳೆಯಲ್ಲಿ ಅದೇ ಪಂಚಾಂಗ. ಆನ್‌ಲೈನಿನಲ್ಲಿ ತರಿಸಿದರೂ ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಇದನ್ನು ಮುಗಿಸಿ. ಬಿಲ್ಲು, ಇಂಡಿಯಾದಲ್ಲಿ ಸರ್ವಿಸ್ ಎಲ್ಲಿ, ನೀರು ಹೊಕ್ಕರೆ ವಾರಂಟಿ ಇದೆಯಾ, ಈ ಮೂರೂ ಬರವಣಿಗೆಯಲ್ಲಿ ಇರಲಿ.

ಹೆಜ್ಜೆ 8: ಸ್ಕೂಪ್ ಇಲ್ಲೇ ಮಾಡಿಸಿ

ನೀರಿನಲ್ಲಿ ಸದ್ದು ಬಂದಮೇಲೆ ಎತ್ತುವುದು ಹೇಗೆ? ಕೈಯಲ್ಲಿ ಕೆದಕಿದರೆ ಬಂಗಾರ ಇನ್ನೂ ಕೆಳಗೆ ಇಳಿಯುತ್ತದೆ. ಮರಳಿಗಿಂತ ಅದು ಆರೇಳು ಪಟ್ಟು ಭಾರ, ಅಲುಗಾಡಿಸಿದಷ್ಟೂ ಒಳಗೆ ಹೋಗುತ್ತದೆ. ಉದ್ದ ಹಿಡಿಕೆಯ, ತೂತಿನ ಸ್ಕೂಪ್ ಬೇಕು. ಹೊರಗಿನಿಂದ ತರಿಸಿದರೆ ತುಟ್ಟಿ. ಕಲಬುರಗಿಯ ಕಪನೂರ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಸ್ಟೀಲ್ ಕೆಲಸ ಮಾಡುವವರಿಗೆ ಹೇಳಿ ಮಾಡಿಸಿ. ದಪ್ಪ ಸ್ಟೇನ್‌ಲೆಸ್ ಶೀಟ್, ಎದೆಮಟ್ಟದ ಪೈಪ್, ಕಾಲಲ್ಲಿ ಒತ್ತಲು ಹಿಂದೆ ಒಂದು ಪಟ್ಟಿ. ತೂತು ಸಣ್ಣ ಬೆರಳಿನಷ್ಟು ಇದ್ದರೆ ಉಂಗುರಕ್ಕೆ ಸರಿ. ಮೂಗುತಿ ಅದರಲ್ಲಿ ಜಾರಿಹೋಗುತ್ತದೆ. ಸಣ್ಣ ವಸ್ತುವಿಗೆ ಸ್ಕೂಪಿನ ಮಣ್ಣನ್ನು ಹಿಟ್ಟಿನ ಸಾಣಿಗೆಗೆ ಸುರಿದು ನೀರಿನಲ್ಲೇ ಆಡಿಸಿ. ಸಾಣಿಗೆ ಮನೆಯದ್ದು ಬೇಡ, ಬೇರೆ ತಗೊಳ್ಳಿ. ಮನೆಯಲ್ಲಿ ಬೈಸಿಕೊಳ್ಳುವುದು ತಪ್ಪುತ್ತದೆ.

ಹೆಜ್ಜೆ 9: ನೀರಿಗಿಳಿದ ಮೇಲೆ

ಮೊದಲು ಕಳೆದುಕೊಂಡವರನ್ನು ಅದೇ ಜಾಗಕ್ಕೆ ಕರೆದು ನಿಲ್ಲಿಸಿ. "ಇಲ್ಲೇ ಎಲ್ಲೋ ಬಿತ್ತು ನೋಡ್ರಿ ಅಣ್ಣಾ" ಅಂದರೆ ಸಾಲದು. ಯಾವ ಮೆಟ್ಟಿಲಿನಿಂದ ಇಳಿದಿರಿ, ಮುಖ ಯಾವ ಕಡೆ ಇತ್ತು, ನೀರು ಸೊಂಟಕ್ಕಿತ್ತಾ ಎದೆಗಿತ್ತಾ, ಆವತ್ತಿನಿಂದ ಹೊಳೆ ಏರಿದೆಯಾ ಇಳಿದಿದೆಯಾ ಅಂತ ಒಂದೊಂದೇ ಕೇಳಿ. ಬಂಗಾರ ಭಾರ, ಸಾಧಾರಣ ಹರಿವಿಗೆ ದೂರ ಹೋಗುವುದಿಲ್ಲ. ಬಿದ್ದಲ್ಲೇ ಕೆಳಗಿಳಿದು ಗಟ್ಟಿ ಪದರದ ಮೇಲೆ, ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ತಿಂಥಣಿಯಂಥ ಬಂಡೆಯ ತಳದಲ್ಲಿ ಸಂದಿಗಳನ್ನೇ ಮೊದಲು ನೋಡಬೇಕು.

ಆ ಜಾಗದ ಸುತ್ತ ನಾಲ್ಕು ಬಿದಿರು ನೆಟ್ಟು ಹಗ್ಗ ಕಟ್ಟಿ. ಬಿತ್ತುವ ಸಾಲಿನ ಹಾಗೆ ಒಂದು ಕಡೆಯಿಂದ ನಡೆಯಿರಿ. ಕಾಯಿಲ್ ತಳಕ್ಕೆ ಹತ್ತಿರ, ಮಟ್ಟವಾಗಿ, ನಿಧಾನವಾಗಿ. ಒಂದು ಬೀಸು ಇನ್ನೊಂದರ ಅರ್ಧದ ಮೇಲೆ ಬರಲಿ. ಮುಗಿದ ಮೇಲೆ ಅದೇ ಚೌಕವನ್ನು ಅಡ್ಡಕ್ಕೆ ಇನ್ನೊಮ್ಮೆ. ಕಬ್ಬಿಣದ ಸದ್ದನ್ನು ಮಾತ್ರ ಕಡಿಮೆ ಮಾಡಿಕೊಳ್ಳಿ, ನಡುವಿನ ನಂಬರ್ ಯಾವುದನ್ನೂ ಮುಚ್ಚಬೇಡಿ. ಆಳದಲ್ಲಿರುವ ಬಂಗಾರ ನಮ್ಮ ಮಣ್ಣಿನಲ್ಲಿ ಒಮ್ಮೊಮ್ಮೆ ಕಬ್ಬಿಣದ ಕಡೆಗೆ ವಾಲಿದ ನಂಬರ್ ತೋರಿಸುತ್ತದೆ. ಎರಡೂ ಕಡೆಯಿಂದ ಬೀಸಿದಾಗ ಒಂದೇ ರೀತಿ ಕೂಗಿದರೆ ಅಗೆಯಿರಿ, ಸುಮ್ನೆ ವಾದ ಬೇಡ.

ಸೆನ್ಸಿಟಿವಿಟಿ, ಅಂದರೆ ಎಷ್ಟು ಸಣ್ಣ ಸುಳಿವಿಗೂ ಮಷೀನ್ ಕೂಗಬೇಕು ಅನ್ನೋದನ್ನು, ಪೂರ್ತಿ ಏರಿಸುವುದು ಹೊಸಬರ ಚಾಳಿ. ಏರಿಸಬೇಡಿ. ಭೀಮೆಯ ದಂಡೆಯುದ್ದಕ್ಕೂ ರೈತರ ಪಂಪ್‌ಸೆಟ್, ಸ್ಟಾರ್ಟರ್ ಡಬ್ಬಿ, ಮೇಲೆ ಕರೆಂಟಿನ ತಂತಿ. ತ್ರೀ ಫೇಸ್ ಬಂದು ಮೋಟರ್ ಚಾಲೂ ಆದ ಕೂಡಲೇ ಮಷೀನ್ ಚಿಟಿಪಿಟಿ ಅನ್ನತೊಡಗುತ್ತದೆ. ನಾಯ್ಸ್ ಕ್ಯಾನ್ಸಲ್ ಅಥವಾ ಫ್ರೀಕ್ವೆನ್ಸಿ ಶಿಫ್ಟ್ ಒತ್ತಿ. ಆಗಲೂ ನಿಲ್ಲದಿದ್ದರೆ ಸೆನ್ಸಿಟಿವಿಟಿ ಇಳಿಸಿ. ಅದೂ ಆಗದಿದ್ದರೆ ಕರೆಂಟು ಹೋಗುವವರೆಗೆ ಚಹಾ ಕುಡಿಯಿರಿ. ನಮ್ಮ ಕಡೆ ಬಹಳ ಹೊತ್ತು ಕಾಯಬೇಕಾಗುವುದಿಲ್ಲ.

ಹೆಜ್ಜೆ 10: ಜೀವ, ಕಾನೂನು

ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ, ನಡುವೆ ಸೊನ್ನ ಬ್ಯಾರೇಜಿನಿಂದ ಬಿಡುತ್ತಾರೆ. ಕೃಷ್ಣೆಗೆ ನಾರಾಯಣಪುರದ ಬಸವಸಾಗರ. ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ನೀರು ಬಿಡುವ ಸುದ್ದಿ ಕೇಳಿಕೊಂಡೇ ಇಳಿಯಿರಿ. ಮರಳು ತೆಗೆದ ಗುಂಡಿಗಳು ಇನ್ನೂ ಅಪಾಯ. ಮೊಣಕಾಲು ನೀರಿನಿಂದ ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತದೆ. ಸ್ಕೂಪಿನ ಹಿಡಿಕೆಯಿಂದ ಮುಂದೆ ಚುಚ್ಚಿ ನೋಡುತ್ತಾ ನಡೆಯಿರಿ. ಕೃಷ್ಣೆಯಲ್ಲಿ ಮೊಸಳೆ ಇವೆ. ಸಂಜೆ, ನಸುಕಿನಲ್ಲಿ ಬೇಡ. ದಂಡೆಯ ಮೇಲೆ ಈಜು ಬರುವವರು ಒಬ್ಬರು ಹಗ್ಗ ಹಿಡಿದು ನಿಂತಿರಲಿ.

ಸನ್ನತಿ, ಕನಗನಹಳ್ಳಿ, ಬೀದರ ಕೋಟೆ, ಕಲಬುರಗಿ ಕೋಟೆ ಇಂಥ ಸಂರಕ್ಷಿತ ಜಾಗಗಳಿಗೆ ಡಿಟೆಕ್ಟರ್ ತಗೊಂಡು ಹೋಗಲೇಬೇಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ, ಕೇಸ್ ಆಗಬಹುದು. ಹಳೆ ನಾಣ್ಯದ ಗಂಟು, ನಿಧಿ ಅನ್ನುವಂಥದ್ದು ಸಿಕ್ಕರೆ ಅದು ನಿಮ್ಮದಲ್ಲ. ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾನೂನು ಇದೆ. ಘಟ್ಟದಲ್ಲಿ ಹುಡುಕುವ ಮುಂಚೆ ದೇವಸ್ಥಾನದವರಿಗೆ, ಪಂಚಾಯಿತಿಗೆ, ಠಾಣೆಗೆ ಒಂದು ಮಾತು ಹೇಳಿ. ಯಾರದ್ದೋ ತಾಳಿ ಸಿಕ್ಕಿತು, ಯಾರು ಅಂತ ಗೊತ್ತಿಲ್ಲ ಅಂದರೆ ಠಾಣೆಗೆ ಕೊಟ್ಟು ರಸೀದಿ ತಗೊಳ್ಳಿ. ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಬೀಳಬಹುದು. ಬೇರೆಯವರ ಒಡವೆ ಹುಡುಕಿಕೊಡುವಾಗ ಕೂಲಿ, ಇನಾಮು ಎಷ್ಟು ಅನ್ನುವುದನ್ನು ನೀರಿಗಿಳಿಯುವ ಮುಂಚೆಯೇ ಮಾತಾಡಿಬಿಡಿ.

ಹೆಜ್ಜೆ 11: ಮನೆಗೆ ಬಂದಮೇಲೆ

ಮಷೀನನ್ನು ಚಾರ್ಜಿಗೆ ಹಾಕುವ ಆತುರ ಬೇಡ. ಮೊದಲು ನಲ್ಲಿ ನೀರಿನಲ್ಲಿ ತೊಳೆಯಿರಿ. ಕಾಯಿಲಿನ ಕವರ್ ಬಿಚ್ಚಿ ಒಳಗಿನ ಮರಳು ತೆಗೆಯಿರಿ. ಅಲ್ಲಿ ಕೂತ ಕರಿಮರಳೂ ಸುಳ್ಳು ಸದ್ದು ಕೊಡುತ್ತದೆ. ನೆರಳಿನಲ್ಲಿ ಒಣಗಿಸಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೇಡ. ಪೂರ್ತಿ ಒಣಗಿದ ಮೇಲೆ ಒಣ ಕೈಯಲ್ಲಿ ಬ್ಯಾಟರಿ ಮುಚ್ಚಳ ತೆಗೆದು ರಬ್ಬರ್ ರಿಂಗ್ ನೋಡಿ. ಒಂದು ಕೂದಲು, ಒಂದು ಮರಳಿನ ಕಾಳು ಅಲ್ಲಿ ಸಿಕ್ಕಿಕೊಂಡಿದ್ದರೂ ಮುಂದಿನ ಸಲ ನೀರು ಒಳಗೆ ಬರುತ್ತದೆ. ಒರೆಸಿ, ಸಿಲಿಕಾನ್ ಗ್ರೀಸ್ ಕಾಣದಷ್ಟು ತೆಳ್ಳಗೆ ಸವರಿ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರ್ ಹಾಳಾಗುತ್ತದೆ. ಸೆಲ್ ಹಾಕುವ ಮಷೀನಾದರೆ ತಿಂಗಳುಗಟ್ಟಲೆ ಉಪಯೋಗಿಸದಿದ್ದಾಗ ಸೆಲ್ ತೆಗೆದಿಡಿ.